ವಾಚು ಕೈಯಲ್ಲಿ, ಕಾರುಬಾರು ಫೋನಿನಲ್ಲಿ: ಸ್ಮಾರ್ಟ್‌ವಾಚ್ ಆಪ್ ಕೈಕೊಟ್ಟರೆ ಎಲ್ಲಿ ಹುಡುಕಬೇಕು?

ತೀರ್ಥಹಳ್ಳಿ ಸೀಮೆಯಲ್ಲಿರುವ ನಮ್ಮ ದೊಡ್ಡಪ್ಪನ ಕೈಯಲ್ಲಿ ಒಂದು ಸ್ಮಾರ್ಟ್‌ವಾಚು ಇದೆ. ಬೆಂಗಳೂರಿನ ಮೊಮ್ಮಗ ಕೊಡಿಸಿದ್ದು. ವರ್ಷವಿಡೀ ಅದು ಗಂಟೆ ತೋರಿಸಿಕೊಂಡು, ಹೆಜ್ಜೆ ಎಣಿಸಿಕೊಂಡು ತೆಪ್ಪಗಿರುತ್ತಿತ್ತು. ಫೋನಿಗೆ ಕರೆ ಬಂದರೂ ವಾಚಿಗೆ ಸುದ್ದಿಯಿಲ್ಲ. ಮೊಮ್ಮಗ ಹಬ್ಬಕ್ಕೆ ಬಂದ ದಿನ ಮಾತ್ರ ಅದಕ್ಕೆ ಜೀವ ಬರುತ್ತಿತ್ತು. ದೊಡ್ಡಪ್ಪ ಊಟಕ್ಕೆ ಕೂತರೆ ಮಣಿಕಟ್ಟು ಗುರ್ರೆನ್ನುತ್ತಿತ್ತು. ಕನ್ನಡಕ ಏರಿಸಿ ನೋಡಿದರೆ ಯಾರೋ ಹುಡುಗ ‘ಮಚ್ಚಾ ಎಲ್ಲಿದೀಯಾ’ ಎಂದು ಇಂಗ್ಲಿಷ್ ಅಕ್ಷರದಲ್ಲಿ ಕೇಳಿರುತ್ತಿದ್ದ. ‘ಎಂತದು ಮಾರಾಯ ಇದು, ಕಟ್ಟಿಕೊಂಡವನು ನಾನು, ಮಾತು ಕೇಳೋದು ಅವನದ್ದು’ ಎಂದು ದೊಡ್ಡಪ್ಪ ನನ್ನ ಮುಂದೆ ಕೈ ಚಾಚಿದರು.

ವಾಚು ಕೆಟ್ಟಿರಲಿಲ್ಲ, ಫೋನೂ ಕೆಟ್ಟಿರಲಿಲ್ಲ. ಅದರ ಗುಟ್ಟು ಮುಂದೆ ಬರುತ್ತದೆ.

2025ರ ಮಳೆಗಾಲದಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸುದ್ದಿಗಳು ದಿನಾ ಬರತೊಡಗಿದಾಗ, ನನಗೆ ಗೊತ್ತಿರುವ ಮೂರ್ನಾಲ್ಕು ಮನೆಗಳಿಗೆ ಹೀಗೆಯೇ ವಾಚುಗಳು ಬಂದವು. ದೂರದ ಮಕ್ಕಳಿಗೆ ಅದೊಂದು ಸಮಾಧಾನ. ಒಂದು ಮಾತು ಮೊದಲೇ ಹೇಳಿಬಿಡಬೇಕು. ಈ ವಾಚುಗಳು ಚರ್ಮದ ಮೇಲೆ ಹಸಿರು ಬೆಳಕು ಬಿಟ್ಟು, ರಕ್ತದ ಹರಿವಿನ ಏರಿಳಿತ ನೋಡಿ ನಾಡಿಬಡಿತವನ್ನು ಲೆಕ್ಕ ಹಾಕುತ್ತವೆ. ಹೃದಯಾಘಾತವನ್ನು ಅವು ಗುರುತಿಸಲಾರವು. ಎದೆನೋವು ಬಂದರೆ ನೋಡಬೇಕಾದ್ದು ವಾಚನ್ನಲ್ಲ, ಡಾಕ್ಟರನ್ನು. ಇಲ್ಲಿ ನಾವು ಮಾತಾಡುತ್ತಿರುವುದು ವಾಚಿನ ಜೊತೆ ಆಂಡ್ರಾಯ್ಡ್ ಫೋನಿಗೆ ಹಾಕಿಕೊಳ್ಳುವ ಆಪ್ ಬಗ್ಗೆ. ತಕರಾರೆಲ್ಲ ಹುಟ್ಟುವುದು ಹೆಚ್ಚಾಗಿ ಅಲ್ಲೇ.

ರಸ್ತೆಯಿಲ್ಲದ ಮನೆ

ಮಲೆನಾಡಿನ ಒಂಟಿಮನೆಯೊಂದನ್ನು ನೆನೆಸಿಕೊಳ್ಳಿ. ಮನೆಯವರೆಗೆ ರಸ್ತೆಯಿಲ್ಲ. ಬಸ್ಸು ನಿಲ್ಲುವುದು ಹಳ್ಳದ ಈಚೆಗೆ, ಪೇಟೆಯಲ್ಲಿ. ಟಪಾಲು ಅಲ್ಲಿಗೆ ಬರುತ್ತದೆ. ಅಂಚೆಯಣ್ಣ ಅದನ್ನು ಚೀಲಕ್ಕೆ ಹಾಕಿ, ಕಾಲುಸಂಕ ದಾಟಿ, ಮನೆ ಬಾಗಿಲಿಗೆ ಮುಟ್ಟಿಸಬೇಕು.

ವಾಚು ಆ ಒಂಟಿಮನೆ. ನಮ್ಮಲ್ಲಿ ಹೆಚ್ಚು ಮಾರಾಟವಾಗುವ ಅಗ್ಗದ ವಾಚುಗಳಿಗೆ ಸ್ವಂತ ಸಿಮ್ ಇಲ್ಲ, ಇಂಟರ್ನೆಟ್ ಇಲ್ಲ, ಒಳಗೆ ವಾಟ್ಸ್ಆಪ್ ಕೂಡ ಇಲ್ಲ. ಫೋನು ಪೇಟೆ. ಫೋನಿಗೂ ವಾಚಿಗೂ ನಡುವಿನ ಬ್ಲೂಟೂತ್ ಕಾಲುಸಂಕ. ವಾಚಿನ ಕಂಪನಿ ಕೊಡುವ ಆಪ್ ಅಂಚೆಯಣ್ಣ. ಆಂಡ್ರಾಯ್ಡ್ ಎಂಬ ವ್ಯವಸ್ಥೆ ದಾರಿಯಲ್ಲಿ ಚೆಕ್‌ಪೋಸ್ಟ್ ಇಟ್ಟುಕೊಂಡು ಕೂತಿದೆ, ಚೀಟಿ ಇಲ್ಲದವರನ್ನು ಬಿಡುವುದಿಲ್ಲ.

ಹಾಗಾಗಿ ಟಪಾಲು ಬರಲಿಲ್ಲ ಎಂದರೆ ಕಾರಣ ಐದರಲ್ಲಿ ಒಂದು. ಸಂಕ ಮುರಿದಿರಬೇಕು. ಇಲ್ಲವೇ ಚೆಕ್‌ಪೋಸ್ಟಿನವರು ತಡೆದಿರಬೇಕು. ಇಲ್ಲವೇ ಅಂಚೆಯಣ್ಣ ಎಲ್ಲೋ ನಿದ್ದೆ ಹೋಗಿರಬೇಕು. ಇಲ್ಲವೇ ಪೇಟೆಗೇ ಟಪಾಲು ಬಂದಿರಲಿಕ್ಕಿಲ್ಲ. ಕೊನೆಯದು, ಟಪಾಲು ಮುಟ್ಟಿದೆ, ಆದರೆ ಮನೆಯವರಿಗೆ ಆ ಲಿಪಿ ಓದಲು ಬರುವುದಿಲ್ಲ. ಇದು ತಮಾಷೆಯ ಮಾತಲ್ಲ. ಕನ್ನಡದವರಿಗೆ ನಿಜವಾಗಿ ಆಗುವುದೇ ಇದು.

ಗೂಗಲ್‌ನ ‘ವೇರ್ ಓಎಸ್’ ಎಂಬ ವ್ಯವಸ್ಥೆಯಿಂದ ನಡೆಯುವ ದುಬಾರಿ ಬೆಲೆಯ ವಾಚುಗಳ ಕತೆ ಸ್ವಲ್ಪ ಬೇರೆ. ಅವಕ್ಕೆ ತಮ್ಮದೇ ಆಪ್‌ಗಳಿರುತ್ತವೆ, ವೈಫೈ ಇರುತ್ತದೆ, ಕೆಲವಕ್ಕೆ ಸಿಮ್ ಕೂಡ. ಆದರೂ ಮೊದಲ ಜೋಡಣೆಗೆ, ಫೋನಿನ ಸಂದೇಶಗಳಿಗೆ ಅವೂ ಇದೇ ದಾರಿ ಹಿಡಿಯಬೇಕು.

ಕಾಲುಸಂಕ ಗಟ್ಟಿಯಿದೆಯೇ

ಬ್ಲೂಟೂತ್ ಎಂಬುದು 10ನೇ ಶತಮಾನದ ಡೆನ್ಮಾರ್ಕಿನ ರಾಜ ಹೆರಾಲ್ಡನ ಅಡ್ಡಹೆಸರು. ಹರಿದು ಹಂಚಿದ್ದವರನ್ನು ಒಂದುಗೂಡಿಸಿದವನು ಎಂದು ಅವನ ಹೆಸರಿಟ್ಟರಂತೆ. ಒಂದುಗೂಡಿಸುವುದು ಅದರ ಕೆಲಸ ಹೌದು, ಆದರೆ ತ್ರಾಣ ಅಷ್ಟಕ್ಕಷ್ಟೆ. 2.4 ಗಿಗಾಹರ್ಟ್ಸ್ ಸುತ್ತಿನ ರೇಡಿಯೊ ಅಲೆಗಳಲ್ಲಿ ಇದು ಕೆಲಸ ಮಾಡುತ್ತದೆ. ಮನೆಯ ವೈಫೈ ಓಡಾಡುವುದೂ ಬಹುಪಾಲು ಅದೇ ಬೀದಿಯಲ್ಲಿ. ಈ ಅಲೆಗಳನ್ನು ನೀರು ಹೀರಿಕೊಳ್ಳುತ್ತದೆ. ಮನುಷ್ಯನ ಮೈಯಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ನೀರೇ ಇರುವುದರಿಂದ ನಮ್ಮ ದೇಹವೇ ಒಂದು ಅಡ್ಡಗೋಡೆ. ವಾಚಿನ ಪುಟ್ಟ ಬ್ಯಾಟರಿ ಹೆಚ್ಚು ಕೂಗಲಾರದು. ಮನೆಯೊಳಗೆ ಹತ್ತು ಮೀಟರ್ ಎಂದಿಟ್ಟುಕೊಳ್ಳಿ, ನಡುವೆ ದಪ್ಪ ಮಣ್ಣುಗೋಡೆಯೋ ಕೆಂಪುಕಲ್ಲಿನ ಗೋಡೆಯೋ ಇದ್ದರೆ ಇನ್ನೂ ಕಡಿಮೆ. ಫೋನನ್ನು ಜಗಲಿಯಲ್ಲಿ ಬಿಟ್ಟು ಅಡಿಕೆ ತೋಟಕ್ಕೆ ಇಳಿದವರಿಗೆ ವಾಚಿನಲ್ಲಿ ಕರೆ ಬರಲಿಲ್ಲ ಎಂದರೆ ಅದು ದೋಷವಲ್ಲ. ಹೆಜ್ಜೆ, ನಾಡಿಬಡಿತದ ಲೆಕ್ಕ ಮಾತ್ರ ವಾಚಿನಲ್ಲೇ ಕೂತಿರುತ್ತದೆ. ಮನೆಗೆ ಮರಳಿದ ಮೇಲೆ ಫೋನಿಗೆ ಸಾಗುತ್ತದೆ.

ಈಗ ಎಲ್ಲರೂ ಎಡವುವ ಜಾಗ. ವಾಚು ತಂದ ಕೂಡಲೇ ಹೆಚ್ಚಿನವರು ಫೋನಿನ ಬ್ಲೂಟೂತ್ ಪಟ್ಟಿಗೆ ಹೋಗಿ, ಇಯರ್‌ಫೋನ್ ಜೋಡಿಸಿದ ಹಾಗೆ ವಾಚನ್ನೂ ಜೋಡಿಸಿಬಿಡುತ್ತಾರೆ. ‘ಕನೆಕ್ಟೆಡ್’ ಎಂದೂ ಬರುತ್ತದೆ. ಆದರೆ ಆಪ್ ತೆರೆದರೆ ‘ವಾಚ್ ಸಿಗುತ್ತಿಲ್ಲ’ ಎನ್ನುತ್ತದೆ. ಏಕೆಂದರೆ, ಕರೆಯಲ್ಲಿ ಮಾತಾಡಬಲ್ಲ ವಾಚುಗಳಿಗೆ ಎರಡು ಸಂಕಗಳಿವೆ. ಒಂದು ಧ್ವನಿಗೆ, ಅದು ಹಳೇ ಬಗೆಯ ಬ್ಲೂಟೂತ್. ಇನ್ನೊಂದು ಹೆಜ್ಜೆ, ನಾಡಿ, ಸಂದೇಶಗಳಿಗೆ. ಇದು 2010ರಲ್ಲಿ ಬ್ಲೂಟೂತ್‌ನ 4ನೇ ಆವೃತ್ತಿಯೊಂದಿಗೆ ಬಂದ, ಬ್ಯಾಟರಿ ಕಡಿಮೆ ತಿನ್ನುವ ‘ಲೋ ಎನರ್ಜಿ’ ಬಗೆ. ಪಟ್ಟಿಯಲ್ಲಿ ಒಂದೇ ವಾಚಿನ ಹೆಸರು ಎರಡು ಸಲ ಕಂಡರೆ ಗಾಬರಿ ಬೇಡ, ಅದು ಇದೇ. ಎರಡನೆಯ ಸಂಕವನ್ನು ಆಪ್ ತಾನೇ ಕಟ್ಟಿಕೊಳ್ಳಬೇಕು. ಆದ್ದರಿಂದ ಆಪ್ ತೆರೆದು, ಅದರೊಳಗಿನ ‘ಆಡ್ ಡಿವೈಸ್’ ಮೂಲಕವೇ ವಾಚನ್ನು ಸೇರಿಸಿ. ಈಗಾಗಲೇ ತಪ್ಪು ದಾರಿಯಲ್ಲಿ ಜೋಡಿಸಿದ್ದರೆ ಬ್ಲೂಟೂತ್ ಪಟ್ಟಿಯಲ್ಲಿ ಎರಡೂ ಹೆಸರಿಗೆ ‘ಫರ್ಗೆಟ್’ ಕೊಟ್ಟು, ಮತ್ತೆ ಆಪ್‌ನಿಂದ ಶುರುಮಾಡಿ.

ಇನ್ನು ದೊಡ್ಡಪ್ಪನ ಒಗಟು. ಸಾಮಾನ್ಯ ವಾಚು ಒಂದು ಸಲಕ್ಕೆ ಒಂದೇ ಫೋನಿನ ಮಾತು ಕೇಳುತ್ತದೆ. ಜೋಡಣೆಗೆ ಮೊದಲು ಅದು ‘ನಾನಿಲ್ಲಿದ್ದೇನೆ’ ಎಂದು ಸುತ್ತಲೂ ಸಣ್ಣದಾಗಿ ಕೂಗುತ್ತಿರುತ್ತದೆ. ಒಂದು ಫೋನು ಕೈಹಿಡಿದ ಮೇಲೆ ಕೂಗುವುದನ್ನು ನಿಲ್ಲಿಸುತ್ತದೆ. ಆಮೇಲೆ ಬೇರೆ ಫೋನು ಎಷ್ಟು ಹುಡುಕಿದರೂ ಕಣ್ಣಿಗೆ ಬೀಳದು. ಕೆಲವು ಕಂಪನಿಯ ವಾಚುಗಳಂತೂ ಮೊದಲು ಯಾರ ಅಕೌಂಟಿಗೆ ಸೇರಿದವೋ ಅವರಿಂದ ಬಿಡುಗಡೆಯಾಗದೆ ಇನ್ನೊಬ್ಬರಿಗೆ ಒಲಿಯುವುದೇ ಇಲ್ಲ. ಮೊಮ್ಮಗ ಬೆಂಗಳೂರಿನಲ್ಲಿ ಡಬ್ಬಿ ಬಿಚ್ಚಿ, ಚೆನ್ನಾಗಿದೆಯೇ ನೋಡೋಣ ಎಂದು ತನ್ನ ಫೋನಿಗೆ ಜೋಡಿಸಿ, ಹಾಗೆಯೇ ತಂದು ಅಜ್ಜನಿಗೆ ಕಟ್ಟಿದ್ದ. ಅವನ ಫೋನು ಹಬ್ಬಕ್ಕೆ ಮನೆ ಹೊಕ್ಕ ಕೂಡಲೇ ವಾಚು ಹಳೇ ಯಜಮಾನನನ್ನು ಗುರುತಿಸುತ್ತಿತ್ತು.

ಪರಿಹಾರ ಐದು ನಿಮಿಷದ್ದು. ಮೊದಲು ಮೊಮ್ಮಗನ ಫೋನಿನ ಆಪ್‌ನಲ್ಲಿ ‘ಅನ್‌ಪೇರ್’. ಆಮೇಲೆ ಅವನ ಬ್ಲೂಟೂತ್ ಪಟ್ಟಿಯಿಂದಲೂ ಅಳಿಸಿ, ವಾಚಿನ ಸೆಟ್ಟಿಂಗ್ಸ್‌ನಲ್ಲಿ ‘ರೀಸೆಟ್’. ಕೊನೆಗೆ ದೊಡ್ಡಪ್ಪನ ಫೋನಿನಲ್ಲಿ ಆಪ್ ಹಾಕಿ ಹೊಸದಾಗಿ ಸೇರಿಸಿದ್ದು. ಉಡುಗೊರೆ ಕೊಡುವವರು ನೆನಪಿಡಬೇಕಾದ್ದು ಇಷ್ಟೆ: ವಾಚನ್ನು ಜೋಡಿಸುವುದು ಕಟ್ಟಿಕೊಳ್ಳುವವರ ಫೋನಿಗೆ. ವೇರ್ ಓಎಸ್ ವಾಚುಗಳಲ್ಲೂ ಫೋನ್ ಬದಲಾಯಿಸಿದರೆ ವಾಚನ್ನು ಪೂರ್ತಿ ಅಳಿಸಿ ಹೊಸದಾಗಿ ಜೋಡಿಸುವುದು ಬಹುಕಾಲ ಕಡ್ಡಾಯವಿತ್ತು. 2023ರ 4ನೇ ಆವೃತ್ತಿಯಿಂದ, ಅಳಿಸದೆಯೇ ಹೊಸ ಫೋನಿಗೆ ದಾಟಿಸುವ ಅನುಕೂಲ ಬಂತು.

ಚೆಕ್‌ಪೋಸ್ಟಿನಲ್ಲಿ ಕೇಳುವ ಚೀಟಿಗಳು

ಆಪ್ ಮೊದಲ ಸಲ ತೆರೆದಾಗ ಒಂದರ ಹಿಂದೊಂದು ಅನುಮತಿ ಕೇಳುತ್ತದೆ. ಮೋಸದ ಸುದ್ದಿ ಓದಿ ಓದಿ ಎಚ್ಚರವಾಗಿರುವ ನಾವು ಎಲ್ಲಕ್ಕೂ ‘ಬೇಡ’ ಒತ್ತುತ್ತೇವೆ. ಎಚ್ಚರ ಒಳ್ಳೆಯದೇ. ಆದರೆ ಯಾವ ಚೀಟಿ ಏತಕ್ಕೆ ಎಂದು ತಿಳಿದಿದ್ದರೆ ಬೇಕಾದ್ದಕ್ಕೆ ಹೂಂ ಎನ್ನಬಹುದು.

‘ವಾಚಿಗೆ ನನ್ನ ಲೊಕೇಶನ್ ಯಾಕೆ?’ ಎಂಬುದು ಎಲ್ಲರ ಮೊದಲ ಅನುಮಾನ. ಕಾರಣ ಹೀಗಿದೆ. ಅಂಗಡಿ, ವಿಮಾನ ನಿಲ್ದಾಣಗಳಲ್ಲಿ ‘ನಾನಿಲ್ಲಿದ್ದೇನೆ’ ಎಂದು ಬ್ಲೂಟೂತ್ ಸಂಕೇತ ಬಿಡುತ್ತಿರುವ ಸಣ್ಣ ಸಾಧನಗಳನ್ನು (ಬೀಕನ್) ಇಟ್ಟಿರುತ್ತಾರೆ. ಸುತ್ತಮುತ್ತ ಯಾವ ಬ್ಲೂಟೂತ್ ಸಾಧನಗಳಿವೆ ಎಂದು ಒಂದು ಆಪ್ ಹುಡುಕಬಲ್ಲದಾದರೆ, ನೀವು ಎಲ್ಲಿದ್ದೀರಿ ಎಂದೂ ಅದು ಊಹಿಸಬಲ್ಲದು. ಅದಕ್ಕೇ 2015ರ ಆಂಡ್ರಾಯ್ಡ್ 6ರಿಂದ ಆಂಡ್ರಾಯ್ಡ್ 11ರವರೆಗೆ, ಬ್ಲೂಟೂತ್ ಹುಡುಕಾಟಕ್ಕೆ ಲೊಕೇಶನ್ ಅನುಮತಿಯೇ ಬೇಕೆಂದು ಗೂಗಲ್ ಕಟ್ಟಳೆ ಮಾಡಿತ್ತು. ಅನುಮತಿ ಕೊಟ್ಟರಷ್ಟೇ ಸಾಲದು, ಫೋನಿನ ಲೊಕೇಶನ್ ಗುಂಡಿಯೂ ಆನ್ ಇರಬೇಕಿತ್ತು. ಬ್ಯಾಟರಿ ಉಳಿಸಲು ಅದನ್ನು ಆರಿಸಿಟ್ಟವರಿಗೆ ವಾಚು ಸಿಗದೆ ಇದ್ದುದು ಇದರಿಂದ. 2021ರ ಆಂಡ್ರಾಯ್ಡ್ 12ರಲ್ಲಿ ಇದನ್ನು ಬೇರೆ ಮಾಡಿ ‘ನಿಯರ್‌ಬೈ ಡಿವೈಸಸ್’ ಎಂಬ ಹೊಸ ಚೀಟಿ ತಂದರು. ನಿಮ್ಮ ಫೋನು ಹಳೆಯದಾದರೆ ಲೊಕೇಶನ್, ಹೊಸದಾದರೆ ನಿಯರ್‌ಬೈ ಡಿವೈಸಸ್. ಹವಾಮಾನ, ನಡಿಗೆಯ ನಕ್ಷೆ ಬೇಕೆಂದರೆ ಹೊಸ ಫೋನಿನಲ್ಲೂ ಲೊಕೇಶನ್ ಕೊಡಬೇಕು.

ಕರೆ ಬಂದಾಗ ವಾಚು ಗುರ್ರೆನ್ನಲು ‘ಫೋನ್’ ಮತ್ತು ‘ಕಾಲ್ ಲಾಗ್’ ಅನುಮತಿ ಬೇಕು. ಹೆಸರು ಕಾಣಬೇಕಾದರೆ ‘ಕಾಂಟ್ಯಾಕ್ಟ್ಸ್’. ಅದಿಲ್ಲದಿದ್ದರೆ ಬರೀ ನಂಬರ್ ಬರುತ್ತದೆ. ಕರೆ ಬರುತ್ತದೆ, ಹೆಸರಿಲ್ಲ ಎನ್ನುವವರು ಬೇರೇನೂ ಹುಡುಕಬೇಕಿಲ್ಲ.

ಎಲ್ಲಕ್ಕಿಂತ ದೊಡ್ಡ ಚೀಟಿ ಈ ಸಾಲಿನಲ್ಲಿಲ್ಲ, ಬೇರೆ ಕಡೆ ಇದೆ. ಅದರ ಹೆಸರು ‘ನೋಟಿಫಿಕೇಶನ್ ಆಕ್ಸೆಸ್’. ವಾಟ್ಸ್ಆಪ್, ಬ್ಯಾಂಕು, ಎಸ್ಸೆಮ್ಮೆಸ್, ಯಾರದೇ ಸಂದೇಶ ಫೋನಿನ ಪರದೆಯ ಮೇಲೆ ಇಳಿದರೂ ಅದನ್ನು ಓದುವ ಅಧಿಕಾರ ಇದು. ಅಂಚೆಯಣ್ಣನಿಗೆ ಎಲ್ಲರ ಟಪಾಲು ಮುಟ್ಟುವ ಹಕ್ಕು ಕೊಟ್ಟ ಹಾಗೆ. ಅಷ್ಟು ದೊಡ್ಡ ಹಕ್ಕಾದ್ದರಿಂದಲೇ ಆಂಡ್ರಾಯ್ಡ್ ಇದನ್ನು ಸೆಟ್ಟಿಂಗ್ಸ್‌ನ ಆಪ್ಸ್ ವಿಭಾಗದಲ್ಲಿ ‘ಸ್ಪೆಷಲ್ ಆಕ್ಸೆಸ್’ ಒಳಗೆ ಬಚ್ಚಿಟ್ಟಿದೆ. ಹುಡುಕುವುದು ಕಷ್ಟವಾದರೆ ಸೆಟ್ಟಿಂಗ್ಸ್‌ನ ಮೇಲಿನ ಹುಡುಕು ಪಟ್ಟಿಯಲ್ಲಿ ನೋಟಿಫಿಕೇಶನ್ ಎಂದು ಬರೆಯಿರಿ. ಇನ್ನೊಂದು ವಿಚಿತ್ರವಿದೆ. ಆಪ್ ಅಪ್‌ಡೇಟ್ ಆದ ಮೇಲೆ ಒಮ್ಮೊಮ್ಮೆ ಇಲ್ಲಿ ಗುಂಡಿ ಆನ್ ಇದ್ದರೂ ಒಳಗಿನ ತಂತಿ ಕಡಿದಿರುತ್ತದೆ. ಗುಂಡಿ ಆಫ್ ಮಾಡಿ, ಮತ್ತೆ ಆನ್ ಮಾಡಿ, ಫೋನನ್ನೊಮ್ಮೆ ರೀಸ್ಟಾರ್ಟ್ ಮಾಡಿದರೆ ಸರಿಹೋಗುತ್ತದೆ. ನಾನು ಕಂಡ ‘ನಿನ್ನೆಯವರೆಗೆ ಬರ್ತಿತ್ತು, ಇವತ್ತು ನಿಂತುಹೋಯ್ತು’ ದೂರುಗಳಲ್ಲಿ ಬಹಳಷ್ಟು ಇಲ್ಲೇ ಮುಗಿದಿವೆ.

ಇದಾದ ಮೇಲೆ ವಾಚಿನ ಆಪ್ ಒಳಗೂ ಒಂದು ಪಟ್ಟಿ ಇದೆ: ಯಾವ ಯಾವ ಆಪ್‌ನ ಸಂದೇಶ ವಾಚಿಗೆ ಕಳಿಸಬೇಕು ಎಂದು. ಅಲ್ಲಿ ವಾಟ್ಸ್ಆಪ್ ಗುಂಡಿ ಆನ್ ಆಗದೆ ಮಿಕ್ಕಿದ್ದೆಲ್ಲ ಮಾಡಿಯೂ ಪ್ರಯೋಜನವಿಲ್ಲ. ವಾಟ್ಸ್ಆಪ್‌ನಲ್ಲೇ ಯಾವುದೋ ಗುಂಪನ್ನು ‘ಮ್ಯೂಟ್’ ಮಾಡಿದ್ದರೆ ಅದು ವಾಚಿಗೂ ಬಾರದು. ಫೋನಿಗೇ ಸದ್ದಾಗದ ಸುದ್ದಿ ವಾಚಿಗೆಲ್ಲಿಂದ ಬರಬೇಕು?

ಇಷ್ಟು ದೊಡ್ಡ ಹಕ್ಕನ್ನು ಯಾರಿಗೆ ಕೊಡುತ್ತಿದ್ದೇವೆ ಎಂಬುದು ಮುಖ್ಯ. ವಾಚಿನ ಡಬ್ಬಿಯ ಮೇಲೆ ಅಥವಾ ಕೈಪಿಡಿಯಲ್ಲಿ ಇರುವ ಕ್ಯೂಆರ್ ಕೋಡ್ ಹಿಡಿದು, ಪ್ಲೇ ಸ್ಟೋರ್‌ನಿಂದಲೇ ಆಪ್ ಇಳಿಸಿಕೊಳ್ಳಿ. ಒಂದೇ ಬಗೆಯ ಹೆಸರಿನ ಹತ್ತು ಆಪ್‌ಗಳು ಅಲ್ಲಿ ಕಾಣುತ್ತವೆ. ಯಾರೋ ವಾಟ್ಸ್ಆಪ್‌ನಲ್ಲಿ ಕಳಿಸಿದ ಎಪಿಕೆ ಫೈಲ್ (ಪ್ಲೇ ಸ್ಟೋರ್ ಹೊರಗಿನಿಂದ ಆಪ್ ಹಾಕುವ ಕಡತ) ಹಾಕಿಕೊಂಡರೆ, 2022ರ ಆಂಡ್ರಾಯ್ಡ್ 13ರಿಂದ ಮುಂದಿನ ಫೋನುಗಳು ಅದಕ್ಕೆ ನೋಟಿಫಿಕೇಶನ್ ಓದುವ ಹಕ್ಕು ಕೊಡಲು ಒಪ್ಪದೆ ಗುಂಡಿಯನ್ನು ಮಸುಕು ಮಾಡಿಡುತ್ತವೆ. ಅದು ತೊಂದರೆಯಲ್ಲ, ಕಾವಲು. 2024ರ ಆಂಡ್ರಾಯ್ಡ್ 15 ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ತನಗೆ ನಂಬಿಕೆಯಿಲ್ಲದ ಆಪ್‌ಗಳ ಕಣ್ಣಿಗೆ ಓಟಿಪಿ ಇರುವ ಸಂದೇಶಗಳನ್ನು ಮರೆಮಾಡುತ್ತದೆ. ಹೊಸ ಫೋನಿನಲ್ಲಿ ಉಳಿದೆಲ್ಲ ಬಂದು ಓಟಿಪಿ ಮಾತ್ರ ವಾಚಿನಲ್ಲಿ ಕಾಣದಿದ್ದರೆ ಇದೇ ಕಾರಣವಿರಬಹುದು.

ಅಂಚೆಯಣ್ಣನ ನಿದ್ದೆ

ಮಲೆನಾಡಿನ ಮನೆಗಳಲ್ಲಿ ಒಬ್ಬರು ಹಿರಿಯರಿರುತ್ತಾರೆ. ರಾತ್ರಿ ಎದ್ದು ಓಡಾಡಿ, ಯಾರೂ ಇಲ್ಲದ ಕೋಣೆಯ ಲೈಟನ್ನೆಲ್ಲ ಆರಿಸುತ್ತಾರೆ. ಕೆಲವೊಮ್ಮೆ ಒಳಗೆ ಓದುತ್ತ ಕೂತವರಿದ್ದರೂ ಆರಿಸಿಬಿಡುತ್ತಾರೆ. ಆಂಡ್ರಾಯ್ಡ್ ಹಾಗೆ. ಬ್ಯಾಟರಿ ಉಳಿಸುವುದು ಅದರ ಧರ್ಮ.

2015ರ ಆಂಡ್ರಾಯ್ಡ್ 6ರಲ್ಲಿ ‘ಡೋಜ್’ ಎಂಬ ವ್ಯವಸ್ಥೆ ಬಂತು. ಚಾರ್ಜರ್ ಹಾಕಿಲ್ಲ, ಪರದೆ ಆರಿದೆ, ಫೋನು ಅಲ್ಲಾಡದೆ ಬಹಳ ಹೊತ್ತಿನಿಂದ ಒಂದೇ ಕಡೆ ಬಿದ್ದಿದೆ ಎಂದಾದರೆ, ಫೋನು ಗಾಢ ನಿದ್ದೆಗೆ ಜಾರಿ ಆಪ್‌ಗಳ ಹಿನ್ನೆಲೆ ಕೆಲಸವನ್ನು ಮುಂದೂಡುತ್ತದೆ. 2018ರ ಆಂಡ್ರಾಯ್ಡ್ 9, ನೀವು ಅಪರೂಪಕ್ಕೆ ತೆರೆಯುವ ಆಪ್‌ಗಳನ್ನು ಗುರುತಿಟ್ಟು ಅವುಗಳಿಗೆ ಇನ್ನಷ್ಟು ಕಡಿವಾಣ ಹಾಕಿತು. ವಾಚಿನ ಆಪ್ ನೋಡಿ, ಯಾರೂ ತೆರೆಯುವುದೇ ಇಲ್ಲ. ಸುಮ್ಮನೆ ಹಿಂದೆ ಕೆಲಸ ಮಾಡುವುದೇ ಅದರ ಕಸುಬು. ವಯಸ್ಸಾದವರ ಫೋನಿನಲ್ಲಿ ಈ ತೊಂದರೆ ಹೆಚ್ಚು ಕಾಣುವುದೂ ಅದಕ್ಕೇ ಇರಬೇಕು. ಹುಡುಗರ ಫೋನು ಜೇಬಿನಲ್ಲಿ ಕುಣಿಯುತ್ತಿರುತ್ತದೆ, ದೊಡ್ಡಪ್ಪನ ಫೋನು ಬೆಳಗಿನಿಂದ ಸಂಜೆವರೆಗೆ ಜಗಲಿಯ ಗೂಡಿನಲ್ಲಿ ಕೂತಿರುತ್ತದೆ.

ಇದರ ಮೇಲೆ ಫೋನ್ ಕಂಪನಿಗಳು ತಮ್ಮದೇ ಬಿಗಿ ಸೇರಿಸಿವೆ. ಒಬ್ಬೊಬ್ಬರು ಒಂದೊಂದು ಹೆಸರಿನಿಂದ ಕರೆಯುತ್ತಾರೆ. ಆದ್ದರಿಂದ ಸ್ನೇಹಿತನ ಫೋನಿನಲ್ಲಿ ಮಾಡಿದ ಉಪಾಯ ನಿಮ್ಮದರಲ್ಲಿ ಸಿಗದೆ ಹೋಗಬಹುದು. ಎಲ್ಲ ಫೋನಿಗೂ ಸಾಮಾನ್ಯವಾದ ಜಾಗ ಇದು: ವಾಚಿನ ಆಪ್‌ನ ಚಿತ್ರವನ್ನು ಒತ್ತಿಹಿಡಿದು ‘ಆಪ್ ಇನ್ಫೊ’ಗೆ ಹೋಗಿ, ‘ಬ್ಯಾಟರಿ’ ಒಳಗೆ ‘ಅನ್‌ರಿಸ್ಟ್ರಿಕ್ಟೆಡ್’ ಅಥವಾ ‘ನೋ ರಿಸ್ಟ್ರಿಕ್ಷನ್ಸ್’ ಆರಿಸುವುದು. ಶಿಯೋಮಿ, ರೆಡ್‌ಮಿ ಫೋನುಗಳಲ್ಲಿ ಇದರ ಜೊತೆ ‘ಆಟೋಸ್ಟಾರ್ಟ್’ ಗುಂಡಿ ಆನ್ ಮಾಡಬೇಕು. ಸ್ಯಾಮ್‌ಸಂಗ್‌ನಲ್ಲಿ ‘ಸ್ಲೀಪಿಂಗ್ ಆಪ್ಸ್’, ‘ಡೀಪ್ ಸ್ಲೀಪಿಂಗ್ ಆಪ್ಸ್’ ಎಂಬ ಪಟ್ಟಿಗಳಿವೆ, ವಾಚಿನ ಆಪ್ ಅಲ್ಲಿದ್ದರೆ ಹೊರಗೆ ತನ್ನಿ. ಬೇರೆ ಕಂಪನಿಗಳಲ್ಲಿ ‘ಆಟೋ ಲಾಂಚ್’, ‘ಬ್ಯಾಕ್‌ಗ್ರೌಂಡ್ ಆಕ್ಟಿವಿಟಿ’ ಎಂಬ ಮಾತುಗಳನ್ನು ಹುಡುಕಿ.

ಎರಡು ಅಭ್ಯಾಸ ಬಿಡಬೇಕು. ಒಂದು, ಗಂಟೆಗೊಮ್ಮೆ ತೆರೆದ ಆಪ್‌ಗಳನ್ನೆಲ್ಲ ಗುಡಿಸಿ ಹಾಕುವುದು. ಅನೇಕ ಫೋನುಗಳಲ್ಲಿ ಆ ಗುಡಿಸುವಿಕೆಗೆ ಅಂಚೆಯಣ್ಣನೂ ಬಲಿ. ಗುಡಿಸಲೇಬೇಕೆಂದಿದ್ದರೆ ಆ ಪಟ್ಟಿಯಲ್ಲಿ ವಾಚಿನ ಆಪ್ ಮೇಲೆ ಒತ್ತಿಹಿಡಿದು ಬೀಗದ ಗುರುತು ಹಾಕುವ ಸೌಲಭ್ಯ ಕೆಲವು ಫೋನುಗಳಲ್ಲಿದೆ. ಇನ್ನೊಂದು, ಮೇಲಿನ ಪಟ್ಟಿಯಲ್ಲಿ ಸದಾ ಕೂತಿರುವ ‘ವಾಚ್ ಕನೆಕ್ಟೆಡ್’ ಎಂಬ ಸೂಚನೆಯನ್ನು ಕಿರಿಕಿರಿ ಎಂದು ಆಫ್ ಮಾಡುವುದು. ನಾನು ಎಚ್ಚರವಾಗಿದ್ದೇನೆ, ಕೆಲಸದಲ್ಲಿದ್ದೇನೆ ಎಂದು ಆಪ್ ಆಂಡ್ರಾಯ್ಡ್‌ಗೆ ತೋರಿಸುವ ಹಾಜರಿ ಪುಸ್ತಕ ಅದು.

ಬಹಳ ಕಾಲ ತೆರೆಯದ ಆಪ್‌ಗೆ ಕೊಟ್ಟಿದ್ದ ಅನುಮತಿಗಳನ್ನು ತಾನಾಗಿ ಹಿಂದಕ್ಕೆ ಪಡೆಯುವ ಪದ್ಧತಿಯೂ 2020ರ ಆಂಡ್ರಾಯ್ಡ್ 11ರಿಂದ ಇದೆ. ಆಪ್ ಇನ್ಫೊದ ಕೆಳಭಾಗದಲ್ಲಿ ‘ಅನ್‌ಯೂಸ್ಡ್’ ಎಂಬ ಮಾತಿರುವ ಗುಂಡಿ ಕಂಡರೆ ವಾಚಿನ ಆಪ್‌ಗೆ ಮಾತ್ರ ಅದನ್ನು ಆಫ್ ಮಾಡಿಡಿ.

ತಕರಾರು ಯಾವ ಕಡೆಯದು ಎಂದು ಹಿಡಿಯಲು ನಾನು ಮಾಡುವ ಪರೀಕ್ಷೆ ಸರಳ. ಫೋನು, ವಾಚು ಎರಡನ್ನೂ ಒಂದೇ ಮೇಜಿನ ಮೇಲಿಟ್ಟು, ವಾಚಿನ ಆಪ್ ತೆರೆದಿಟ್ಟು, ಇನ್ನೊಂದು ಫೋನಿನಿಂದ ಸಂದೇಶ ಕಳಿಸುತ್ತೇನೆ. ಆಪ್ ‘ಕನೆಕ್ಟೆಡ್’ ಎಂದೇ ತೋರಿಸದಿದ್ದರೆ ತೊಂದರೆ ಸಂಕದಲ್ಲಿ. ಕನೆಕ್ಟೆಡ್ ಇದ್ದೂ ಸಂದೇಶ ಬರದಿದ್ದರೆ ಚೆಕ್‌ಪೋಸ್ಟಿನಲ್ಲಿ. ಈಗ ಬಂದು, ಫೋನು ಮುಚ್ಚಿಟ್ಟ ಒಂದು ಗಂಟೆಯ ಮೇಲೆ ನಿಂತರೆ ಅಂಚೆಯಣ್ಣ ಮಲಗಿದ್ದಾನೆ.

ಪೇಟೆಗೇ ಬಾರದ ಟಪಾಲು

ಫೋನಿನಲ್ಲಿ ನೆಟ್‌ವರ್ಕ್ ಇಲ್ಲದಿದ್ದರೆ ವಾಚೂ ಕೆಲಸ ಮಾಡದು ಎಂದು ನಮ್ಮ ಕಡೆ ಅನೇಕರು ತಿಳಿದಿದ್ದಾರೆ. ಪೂರ್ತಿ ನಿಜವಲ್ಲ. ವಾಚಿನಿಂದ ಫೋನಿಗೆ ಹೆಜ್ಜೆ, ನಿದ್ದೆ, ನಾಡಿಯ ಲೆಕ್ಕ ಸಾಗಲು ಇಂಟರ್ನೆಟ್ ಬೇಕಿಲ್ಲ, ಬ್ಲೂಟೂತ್ ಸಾಕು. ಇಂಟರ್ನೆಟ್ ಬೇಕಾಗುವುದು ಮೊದಲ ಲಾಗಿನ್ನಿಗೆ, ವಾಚಿನ ಮುಖಕ್ಕೆ ಹೊಸ ವಿನ್ಯಾಸ (ವಾಚ್‌ಫೇಸ್) ಇಳಿಸಲು, ಅಪ್‌ಡೇಟಿಗೆ, ಹವಾಮಾನಕ್ಕೆ. ಗುಡ್ಡ ಹತ್ತಿದರೆ ಮಾತ್ರ ಸಿಗ್ನಲ್ ಸಿಗುವ ಊರಿನವರು ಮೊದಲ ಜೋಡಣೆಯನ್ನು ಶಿವಮೊಗ್ಗಕ್ಕೋ ಸಾಗರಕ್ಕೋ ಹೋದಾಗಲೇ ಮುಗಿಸಿಕೊಂಡು ಬರುವುದು ಜಾಣತನ. ಓಟಿಪಿಗೆ ಕಾಯುತ್ತ ಗುಡ್ಡದ ಮೇಲೆ ನಿಲ್ಲುವ ಕೆಲಸ ತಪ್ಪುತ್ತದೆ.

ಹವಾಮಾನವನ್ನು ವಾಚು ತಾನಾಗಿ ತಿಳಿಯುವುದಿಲ್ಲ. ಫೋನು ತಾನಿರುವ ಊರು ನೋಡಿ, ಇಂಟರ್ನೆಟ್ಟಿನಿಂದ ಮಾಹಿತಿ ತಂದು, ವಾಚಿಗೆ ದಾಟಿಸುತ್ತದೆ. ಹೊರಗೆ ಮೂರು ದಿನದಿಂದ ಹಿಡಿದ ಮಳೆ ಬಿಟ್ಟಿಲ್ಲ, ದೊಡ್ಡಪ್ಪನ ವಾಚಿನಲ್ಲಿ ಮಾತ್ರ ಸೂರ್ಯ ನಗುತ್ತಿದ್ದ. ಮೊಮ್ಮಗನ ಫೋನಿನಿಂದ ಕೊನೆಗೆ ಬಂದಿದ್ದ ಬೆಂಗಳೂರಿನ ಬಿಸಿಲು ಅದು.

ಹೆಜ್ಜೆ ಲೆಕ್ಕ ವಾಚಿನಲ್ಲಿದೆ, ಆಪ್‌ನಲ್ಲಿಲ್ಲ ಎಂದಾದರೆ ಆಪ್ ತೆರೆದು ಪರದೆಯನ್ನು ಕೆಳಕ್ಕೆ ಎಳೆದು ಬಿಡಿ, ‘ಸಿಂಕ್’ ಆಗುತ್ತದೆ, ಅಂದರೆ ವಾಚಿನ ಲೆಕ್ಕ ಆಪ್‌ಗೆ ದಾಟುತ್ತದೆ. ವಾಚಿನ ನೆನಪು ಕೆಲವು ದಿನಗಳಷ್ಟೇ. ವಾರಗಟ್ಟಲೆ ಸಿಂಕ್ ಮಾಡದಿದ್ದರೆ ಹಳೆಯ ಲೆಕ್ಕದ ಮೇಲೆ ಹೊಸದು ಕೂರುತ್ತದೆ.

ಅಳಿಸುವ ಮೊದಲು

ಏನಾದರೂ ಕೆಟ್ಟರೆ ‘ಅನ್‌ಇನ್‌ಸ್ಟಾಲ್ ಮಾಡಿ ಮತ್ತೆ ಹಾಕು’ ಎಂಬ ಸಲಹೆ ಎಲ್ಲರ ಬಾಯಲ್ಲೂ ಇದೆ. ನನಗದು ತಲೆನೋವಿಗೆ ತಲೆ ಬೋಳಿಸಿದ ಹಾಗೆ ಕಾಣುತ್ತದೆ. ಹಗುರವಾದದ್ದರಿಂದ ಶುರುಮಾಡಿ. ಬ್ಲೂಟೂತ್ ಆಫ್ ಮಾಡಿ ಆನ್ ಮಾಡುವುದು, ಆಮೇಲೆ ಫೋನು ಮತ್ತು ವಾಚು ಎರಡನ್ನೂ ರೀಸ್ಟಾರ್ಟ್ ಮಾಡುವುದು. ಆಗದಿದ್ದರೆ ಆಪ್ ಇನ್ಫೊದಲ್ಲಿ ‘ಫೋರ್ಸ್ ಸ್ಟಾಪ್’, ನಂತರ ‘ಕ್ಲಿಯರ್ ಕ್ಯಾಶ್’. ಕ್ಯಾಶ್ ಎಂದರೆ ಆಪ್ ತನ್ನ ಅನುಕೂಲಕ್ಕೆ ಇಟ್ಟುಕೊಂಡ ಚೂರುಪಾರು, ಹೋದರೆ ನಷ್ಟವಿಲ್ಲ. ಅದರ ಪಕ್ಕದಲ್ಲೇ ಇರುವ ‘ಕ್ಲಿಯರ್ ಡೇಟಾ’ ಹಾಗಲ್ಲ. ಲಾಗಿನ್, ಜೋಡಣೆ, ಕಂಪನಿಯ ಸರ್ವರಿಗೆ ಇನ್ನೂ ಹೋಗದ ಆರೋಗ್ಯದ ಲೆಕ್ಕ, ಎಲ್ಲ ಹೋಗುತ್ತದೆ. ಒತ್ತುವ ಮೊದಲು ಒಮ್ಮೆ ಸಿಂಕ್ ಮಾಡಿ, ಅಕೌಂಟಿನ ಮೇಲ್ ವಿಳಾಸ, ಪಾಸ್‌ವರ್ಡ್ ನೆನಪಿದೆಯೇ ನೋಡಿಕೊಳ್ಳಿ. ‘ರೀಸೆಟ್ ನೆಟ್‌ವರ್ಕ್ ಸೆಟ್ಟಿಂಗ್ಸ್’ ಒತ್ತಿದರೆ ಮನೆಯ ವೈಫೈ ಪಾಸ್‌ವರ್ಡೂ ಅಳಿಯುವುದುಂಟು.

ವಾಚಿನೊಳಗಿನ ತಂತ್ರಾಂಶದ ಅಪ್‌ಡೇಟಿಗೆ ಮಾತ್ರ ತಾಳ್ಮೆ ಬೇಕು. ಕಾಲುಸಂಕದ ಮೇಲೆ ಬೀರು ಸಾಗಿಸಿದ ಹಾಗೆ ಅದು. ಹತ್ತಿಪ್ಪತ್ತು ನಿಮಿಷ ಹಿಡಿಯುವುದು ಸಾಮಾನ್ಯ. ಎರಡರಲ್ಲೂ ಅರ್ಧಕ್ಕಿಂತ ಹೆಚ್ಚು ಚಾರ್ಜ್ ಇರಲಿ, ಎರಡೂ ಪಕ್ಕಪಕ್ಕದಲ್ಲಿರಲಿ, ನಡುವೆ ಆಪ್ ಮುಚ್ಚಬೇಡಿ. ಗಾಳಿಮಳೆಯ ಸಂಜೆ, ವೈಫೈ ಮೇಲೆ ನೆಚ್ಚಿಕೊಂಡು, ಕರೆಂಟು ಹೋಗುವ ಹೊತ್ತಿಗೆ ಇದಕ್ಕೆ ಕೈಹಾಕಬಾರದು.

ಚೌಕ ಚೌಕ ಕನ್ನಡ

ಎಲ್ಲ ಸರಿಯಾಯಿತು, ದೊಡ್ಡಪ್ಪನ ವಾಚಿಗೆ ಅವರದೇ ಫೋನಿನ ಸಂದೇಶ ಬರತೊಡಗಿತು. ಮೊದಲ ಸಂದೇಶ ದೊಡ್ಡಮ್ಮನದು. ಪರದೆಯ ಮೇಲೆ ಏಳೆಂಟು ಖಾಲಿ ಚೌಕಗಳು.

2010ರ ಆಸುಪಾಸಿನ ಆಂಡ್ರಾಯ್ಡ್ ಫೋನು ಬಳಸಿದವರಿಗೆ ಈ ಚೌಕಗಳ ಪರಿಚಯವಿರುತ್ತದೆ. ಕಂಪ್ಯೂಟರಿನ ಲೋಕದಲ್ಲಿ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಇದೆ. ಜಗತ್ತಿನ ಲಿಪಿಗಳಿಗೆಲ್ಲ ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ 1991ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ ಜಾಗವಿದೆ. ಫೋನು ವಾಚಿಗೆ ಕಳಿಸುವುದು ಈ ಸಂಖ್ಯೆಗಳನ್ನು, ಅಕ್ಷರದ ಚಿತ್ರವನ್ನಲ್ಲ. ಚಿತ್ರ ಬಿಡಿಸುವುದು ವಾಚಿನ ಪಾಲಿನ ಕೆಲಸ. ಅದಕ್ಕೆ ವಾಚಿನೊಳಗೆ ಕನ್ನಡದ ಫಾಂಟ್ ಇರಬೇಕು. ಇಲ್ಲದಿದ್ದರೆ ‘ಇಲ್ಲೇನೋ ಅಕ್ಷರವಿದೆ, ನನಗೆ ಗೊತ್ತಿಲ್ಲ’ ಎಂದು ಚೌಕ ಬಿಡಿಸುತ್ತದೆ.

ಫಾಂಟ್ ಇದ್ದರೂ ಮುಗಿಯಲಿಲ್ಲ. ಇಂಗ್ಲಿಷಿನಲ್ಲಿ ಅಕ್ಷರಗಳು ಒಂದರ ಪಕ್ಕ ಒಂದು ಸಾಲಾಗಿ ನಿಲ್ಲುತ್ತವೆ. ನಮ್ಮವು ಹಾಗಲ್ಲ, ಒಂದರ ಕಾಲಡಿ ಒಂದು ಸೇರಿಕೊಳ್ಳುತ್ತವೆ. ‘ಸ್ತ್ರೀ’ ಎಂಬ ಒಂದೇ ಅಕ್ಷರದೊಳಗೆ ಆರು ಸಂಖ್ಯೆಗಳಿವೆ: ಸ, ಸ್ವರ ತೆಗೆದುಹಾಕುವ ‘ವಿರಾಮ’ದ ಗುರುತು, ತ, ಮತ್ತೆ ವಿರಾಮ, ರ, ಕೊನೆಗೆ ದೀರ್ಘದ ಗುರುತು. ಯಾವುದು ಎಲ್ಲಿ ಕೂರಬೇಕು, ಯಾವ ರೂಪ ತಾಳಬೇಕು ಎಂದು ಲೆಕ್ಕ ಹಾಕುವ ತಂತ್ರಾಂಶ ಫೋನಿನಲ್ಲಿದೆ, ಅಗ್ಗದ ವಾಚುಗಳಲ್ಲಿ ಹೆಚ್ಚಾಗಿ ಇರುವುದಿಲ್ಲ. ಹಾಗಾಗಿ ಕೆಲವು ವಾಚುಗಳಲ್ಲಿ ಕನ್ನಡ ಬಂದರೂ ಒತ್ತಕ್ಷರಗಳೆಲ್ಲ ಬಿಡಿಬಿಡಿಯಾಗಿ ಚೆಲ್ಲಿರುತ್ತವೆ.

ಇದನ್ನು ಫೋನಿನ ಯಾವ ಸೆಟ್ಟಿಂಗಿನಿಂದಲೂ ಸರಿಮಾಡಲಾಗದು. ಆಪ್‌ನಲ್ಲಿ ಭಾಷೆ ಬದಲಾಯಿಸುವ ಗುಂಡಿ ಇದ್ದರೆ ಅದು ಬದಲಿಸುವುದು ಮೆನುವಿನ ಭಾಷೆಯನ್ನು ಮಾತ್ರ. ಕಂಪನಿ ಕನ್ನಡ ಸೇರಿಸಿದ ಅಪ್‌ಡೇಟ್ ಕಳಿಸಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಹೊಸದಾಗಿ ಕೊಳ್ಳುವವರು ಅಂಗಡಿಯಲ್ಲೇ ಒಂದು ಕನ್ನಡ ಸಂದೇಶ ಕಳಿಸಿ ನೋಡಿ ದುಡ್ಡು ಕೊಡುವುದು ಲೇಸು. ಈಗಾಗಲೇ ಕೊಂಡವರು ಕರೆ ಮಾಡುವವರ ಹೆಸರುಗಳನ್ನಾದರೂ ಫೋನಿನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಿಟ್ಟುಕೊಂಡರೆ, ಯಾರ ಕರೆ ಎಂದಾದರೂ ತಿಳಿಯುತ್ತದೆ.

ದೊಡ್ಡಪ್ಪನಿಗೆ ಅದನ್ನೂ ಮಾಡಿಕೊಡುತ್ತೇನೆ ಎಂದು ಫೋನ್ ಕೇಳಿದೆ. ಕೊಡಲಿಲ್ಲ. ‘ಬೇಡ ಮಾರಾಯ. ಚೌಕ ಬಂದ್ರೆ ನಮ್ಮೋರು, ಇಂಗ್ಲಿಷ್ ಬಂದ್ರೆ ಬ್ಯಾಂಕಿನೋರು. ಚೌಕ ಬಂದ್ರೆ ಮಾತ್ರ ಜಗಲಿಗೆ ಎದ್ದು ಹೋಗ್ತೇನೆ’ ಎಂದರು.